ಬಜಾರಪ್ಪ ಬಿಟ್ಟ ಕೊಂಬೆ

ಆಂಧ್ರದ ಆದೋನಿಯಲ್ಲಿ ಬೇವು ಚಿಗುರುವ ಹೊತ್ತಿಗೆ ಬಜಾರಪ್ಪನಿಗೆ ಬೈಗುಳದ ಸುಗ್ಗಿ. ಶಿವರಾತ್ರಿ ಕಳೆದು ವಾರವಾಗುತ್ತಿದ್ದಂತೆ ಅವನು ದೋಟಿ ಹೆಗಲಿಗೇರಿಸಿಕೊಂಡು ಹೊರಡುತ್ತಾನೆ. ಹದಿನಾಲ್ಕು ಅಡಿ ಬಿದಿರಿನ ಗಳ, ಅದರ ತುದಿಗೆ ಬಿಗಿದು ಕಟ್ಟಿದ ಕುಡುಗೋಲು, ಸೊಂಟದಲ್ಲೊಂದು ಮಚ್ಚು, ಹೆಗಲ ಮೇಲೆ ಹಗ್ಗದ ಸುರುಳಿ. ಕರೆಂಟಿನ ಆಫೀಸಿಗೆ ಅವನು ಗುತ್ತಿಗೆಯ ಆಳು. ಬೇಸಿಗೆಯ ಗಾಳಿ ಏಳುವ ಮೊದಲೇ ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಕಡಿದು ಕೆಡವುವುದು ಅವನ ಕೆಲಸ. ಎಲೆ ಉದುರಿಸಿ ಬೋಳಾಗಿ ನಿಂತ ಬೇವು ಕೆಂಪಗೆ ಚಿಗುರುವುದೂ ಅದೇ ವಾರ. ಜನರಿಗೆ ಮರದ ಮೇಲೆ ಪ್ರೀತಿ ಉಕ್ಕುವುದೂ ಅದೇ ವಾರ.

ಉಳಿದ ಹನ್ನೊಂದು ತಿಂಗಳು ಆ ಮರಕ್ಕೆ ಮೊಳೆ ಹೊಡೆದು ಟ್ಯೂಷನ್ ಬೋರ್ಡು ನೇತುಹಾಕಿದವರು, ಬುಡಕ್ಕೆ ಮುಸುರೆ ನೀರು ಸುರಿದವರು, ಬಜಾರಪ್ಪ ಏಣಿ ಒರಗಿಸಿದೊಡನೆ ಮರದ ಬಂಧುಗಳಾಗಿಬಿಡುತ್ತಾರೆ. ಒಬ್ಬರು ನಾಯಿ ಬಿಡುತ್ತಾರೆ. ಇನ್ನೊಬ್ಬರು ಏಣಿಯ ಕೆಳಗೆ ಸ್ಕೂಟರ್ ತಂದು ನಿಲ್ಲಿಸಿ ಕೀಲಿ ಕಳೆದಿದೆ ಎನ್ನುತ್ತಾರೆ. ಕಳೆದ ಸಲ ಒಬ್ಬ ಮೇಷ್ಟ್ರು ಮೊಬೈಲು ಹಿಡಿದು, "ಚೂಡಂಡಿ, ಪಚ್ಚನಿ ಚೆಟ್ಟುನಿ ಎಲಾ ನರುಕುತುನ್ನಾಡೋ," ಹಸಿರು ಮರವನ್ನು ಹೇಗೆ ಕಡಿಯುತ್ತಿದ್ದಾನೆ ನೋಡಿ ಎಂದು ತೆಲುಗಿನಲ್ಲಿ ಊರಿಗೆಲ್ಲ ತೋರಿಸಿದರು. ಮೇ ತಿಂಗಳಲ್ಲಿ ಹತ್ತು ನಿಮಿಷ ಫ್ಯಾನು ನಿಂತರೆ ಆಫೀಸಿಗೆ ಫೋನು ಮಾಡಿ ಎಲ್ಲರಿಗಿಂತ ಮೊದಲು ಕೂಗಾಡುವವರೂ ಅವರೇ.

"ಫ್ಯಾನ್ ನಿಂತಾಗ ಈ ಚಿಗುರು ಹಿಡ್ಕೊಂಡು ಬೀಸ್ಕೋರಿ ಸಾರು," ಎಂದಿದ್ದ ಬಜಾರಪ್ಪ ಮೇಲಿನಿಂದ. ಆ ಮಾತೂ ವಿಡಿಯೋದಲ್ಲಿ ಸೇರಿಕೊಂಡಿತು.

ಜನರಿಗೆ ಅವನನ್ನು ಕಂಡರಾಗದು. ಅವನಿಗೂ ಜನರನ್ನು ಕಂಡರಾಗದು. ಐವತ್ತಾರು ವರ್ಷದ ಒಣ ಮೈ, ಎರಡೂ ಮೊಣಕೈಯಲ್ಲಿ ಗೀರುಗಾಯ, ಮುಖದಲ್ಲಿ ಸದಾ ಯಾರೋ ಈಗಷ್ಟೇ ಏನೋ ಅಂದು ಹೋದ ಗಂಟು. ಮನೆಯಲ್ಲಿ ಹೆಂಡತಿ ಮಹೇಶ್ವರಿ ರೊಟ್ಟಿ ಬಡಿಯುತ್ತಾ, "ಎದುರಿಗೆ ಬಂದೋರಿಗೆಲ್ಲ ಗುರಾಯಿಸಬ್ಯಾಡ, ಒಬ್ಬರಿಗಾರ ನಗು," ಎಂದು ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ. ಅವನು ಆಕೆಗೂ ಗುರಾಯಿಸುತ್ತಾನೆ. ಬೈಸಿಕೊಳ್ಳುವುದರಲ್ಲಿ ಅವನಿಗೆ ಒಂದು ಬಗೆಯ ಸುಖ ಹತ್ತಿತ್ತು ಎಂದರೂ ತಪ್ಪಾಗದು. ಬೈಯುವವರ ಎದುರು ಯಾವ ಹಂಗೂ ಇರುವುದಿಲ್ಲ.

ಇಂಥ ಬಜಾರಪ್ಪನ ಎದೆಯಲ್ಲಿ ಒಂದು ಗುಟ್ಟು ಇತ್ತು. ಮಹೇಶ್ವರಿಗೂ ಗೊತ್ತಿಲ್ಲದ ಗುಟ್ಟು.

ಅವನ ಊರು ಕೋಸಗಿ ಕಡೆ. ಅಪ್ಪ ಸುಂಕಣ್ಣ, ಅವ್ವ, ಮೂರು ಮಕ್ಕಳು, ಪ್ರತಿ ವರ್ಷ ಸಂಕ್ರಾಂತಿ ಮುಗಿದರೆ ರೈಲು ಹತ್ತಿ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದರು. ಹೊಲದ ಬದುವಿನಲ್ಲಿ ತಾಡಪಾಲಿನ ಗುಡಿಸಲು. ಕೈ ಉರಿ, ಕಣ್ಣು ಉರಿ, ಮೇಸ್ತ್ರಿಯ ಬಾಯಿ ಅದಕ್ಕಿಂತ ಉರಿ. ಅಲ್ಲಿನ ಗುಡಿಗಳಲ್ಲಿ ಇವರ ದೇವರಿಲ್ಲ, ಹೋಗಲು ಪುರಸೊತ್ತೂ ಇಲ್ಲ. ಬದುವಿನ ಮೇಲೆ ಒಂದು ಬೇವಿನ ಮರವಿತ್ತು. ಬೆಳಿಗ್ಗೆ ಎದ್ದವನೇ ಸುಂಕಣ್ಣ ತಲೆಯೆತ್ತಿ ಆ ಬೋಳು ಮರವನ್ನು ಕೊಂಬೆ ಕೊಂಬೆಯಾಗಿ ನೋಡುತ್ತಿದ್ದ. ಒಂದು ದಿನ ಎಲ್ಲೋ ಒಂದು ತುದಿಯಲ್ಲಿ ಉಗುರಿನಷ್ಟು ಕೆಂಪು ಕಾಣಿಸುತ್ತಿತ್ತು. ಆಗ ಸುಂಕಣ್ಣ ಕುಡಿಯಲು ಇಟ್ಟುಕೊಂಡ ನೀರನ್ನು ಬುಡಕ್ಕೆ ಹೊಯ್ದು, ಕೈ ಮುಗಿದು, "ತಾಯಿ ಬಂದ್ಲು. ಇನ್ನ ನಾವು ಮನಿಗೆ ಹೋಗೋದೈತಿ," ಎನ್ನುತ್ತಿದ್ದ. ಯುಗಾದಿಗೆ ಊರು ಸೇರುತ್ತೇವೆ ಎಂಬುದಕ್ಕೆ ಮಕ್ಕಳಿಗೆ ಅದೇ ಗುರುತು. ಅಪ್ಪನ ಮುಖದಲ್ಲಿ ನಗು ಕಾಣುತ್ತಿದ್ದುದೂ ವರ್ಷಕ್ಕೆ ಆ ಒಂದೇ ದಿನ.

ಊರಿಗೆ ಬಂದ ಮೇಲೆ ಸುಂಕಣ್ಣ ಆಡುಗಳಿಗೆ ಸೊಪ್ಪು ಕಡಿಯುತ್ತಿದ್ದ. ಮರವೇರುವುದನ್ನು ಬಜಾರಪ್ಪ ಕಲಿತದ್ದು ಅವನ ಹಿಂದೆಯೇ. ಎಷ್ಟೇ ಕಡಿಯಲಿ, ಮೊದಲು ಚಿಗುರಿದ ಕೊಂಬೆಗೆ ಸುಂಕಣ್ಣ ಕುಡುಗೋಲು ತಾಗಿಸುತ್ತಿರಲಿಲ್ಲ. "ಅದರಾಗ ತಾಯಿ ಕುಂತಿರ್ತಾಳ. ಆಕಿನ್ನ ಎಬ್ಬಿಸಬಾರ್ದು," ಎಂದಿದ್ದ. ಬಜಾರಪ್ಪ ಗುಡಿಗೆ ಹೋಗುವವನಲ್ಲ. ಹಣೆಗೆ ಏನನ್ನೂ ಹಚ್ಚುವವನಲ್ಲ. ಶ್ರಾವಣದಲ್ಲೂ ಒಂದು ದಿನ ಉಪವಾಸ ಇದ್ದವನಲ್ಲ. ಆದರೆ ಆ ಒಂದು ಮಾತನ್ನು ಮಾತ್ರ ಬಿಡಲಿಲ್ಲ. ಕಡಿಯುವ ಹಿಂದಿನ ದಿನ ಲೈನು ನೋಡುವ ನೆಪದಲ್ಲಿ ಓಣಿ ಓಣಿ ಸುತ್ತಿ, ಪ್ರತಿ ಮರದಲ್ಲೂ ಮೊದಲ ಚಿಗುರು ಯಾವ ಕೊಂಬೆಯಲ್ಲಿದೆ ಎಂದು ಹುಡುಕುತ್ತಿದ್ದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಬಾಟಲಿಯ ನೀರು ಬುಡಕ್ಕೆ ಸುರಿದು ಮುಂದೆ ಹೋಗುತ್ತಿದ್ದ. ಮಾರನೆಯ ದಿನ ಮರವನ್ನೆಲ್ಲ ಬೋಳಿಸಿದರೂ ಆ ಕೊಂಬೆ ಹಾಗೇ ಉಳಿಯುತ್ತಿತ್ತು. ಈ ಊರಿನ ನೂರಾರು ಮರಗಳಲ್ಲಿ ಹಾಗೆ ಉಳಿದ ಒಂದೊಂದು ಕೊಂಬೆಯನ್ನು ನೋಡಿದವರು, ಕುಡಿದು ಬಂದು ಅರ್ಧ ಕೆಲಸ ಮಾಡಿ ಹೋಗಿದ್ದಾನೆ ಎಂದುಕೊಂಡರು.

ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆಫೀಸಿನವರು ಒಪ್ಪುತ್ತಿರಲಿಲ್ಲ ಎಂಬುದು ಒಂದು. ಜನ ತನ್ನನ್ನು ಎಲ್ಲಿ ಒಳ್ಳೆಯವನು ಎಂದುಕೊಂಡುಬಿಡುತ್ತಾರೋ ಎಂಬ ಹೆದರಿಕೆ ಇನ್ನೊಂದು.

ಊರಿನ ಬೈಗುಳವೆಲ್ಲ ಒಂದು ತೂಕ, ಸುಭದ್ರಮ್ಮನ ಬೈಗುಳವೇ ಒಂದು ತೂಕ. ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿ ಆಕೆಯ ಮನೆ. ಗಂಡ ಹಾಲಸ್ವಾಮಿಗೆ ಹತ್ತಿ ಮಂಡಿಯಲ್ಲಿ ಕೆಲಸ, ಆತನ ಬಾಯಿಂದ ದಿನಕ್ಕೆ ನಾಲ್ಕು ಮಾತು ಬಂದರೆ ಹೆಚ್ಚು. ಇಬ್ಬರ ಪಾಲಿನ ಮಾತನ್ನೂ ಸುಭದ್ರಮ್ಮನೇ ಆಡುತ್ತಿದ್ದಳು. ಮನೆಯ ಮುಂದೆ ಆಕೆ ಮದುವೆಯಾಗಿ ಬಂದ ವರ್ಷ ನೆಟ್ಟ ಬೇವಿನ ಮರ, ಮರದ ನೆರಳಲ್ಲಿ ಒಂದು ಗೂಟ, ಗೂಟಕ್ಕೆ ಒಂದು ಎಮ್ಮೆ. ಓಣಿಯ ಅರ್ಧ ಮನೆಗಳಿಗೆ ಆ ಎಮ್ಮೆಯದೇ ಹಾಲು.

ಜಗಳ ಶುರುವಾಗಿ ಹನ್ನೆರಡು ವರ್ಷ. ಆ ಸಲ ಯುಗಾದಿಗೆ ನಾಲ್ಕು ದಿನ ಇರುವಾಗ ಬಜಾರಪ್ಪ ಬಂದು ಹೂ ಬಿಟ್ಟ ಕೊಂಬೆಗಳನ್ನೇ ಸವರಿಹಾಕಿದ್ದ. ಬೇವು ಬೆಲ್ಲಕ್ಕೆ ಸುಭದ್ರಮ್ಮ ಸಂತೆಯಿಂದ ಬೇವಿನ ಹೂ ಕೊಂಡು ತರಬೇಕಾಯಿತು. ಮನೆ ಮುಂದೆ ಮರ ಇಟ್ಟುಕೊಂಡು ಬೇವು ಕೊಂಡು ತಂದವಳು ಎಂದು ಓಣಿಯ ಹೆಂಗಸರು ನಕ್ಕರು. ಆ ನಗುವನ್ನು ಆಕೆ ಮರೆಯಲಿಲ್ಲ.

"ನಿನ್ನ ಕೈ ಸೇದಿ ಹೋಗ್ಲೋ ಬಜಾರಪ್ಪ," ಎಂದು ಅಲ್ಲಿಂದ ಪ್ರತಿ ವರ್ಷ ಏಣಿಯ ಬುಡದಲ್ಲಿ ನಿಂತು ಶುರುಮಾಡುತ್ತಿದ್ದಳು.

"ಸೇದಿದ್ರ ನಿಮಗ ಲೈಟ್ ಬರಂಗಿಲ್ರಿ ಅಮ್ಮಾರ," ಎನ್ನುತ್ತಿದ್ದ ಅವನು.

ಹನ್ನೆರಡು ವರ್ಷದ ಜಗಳದಲ್ಲಿ ಅವನು ಒಮ್ಮೆಯೂ 'ರಿ' ಬಿಡಲಿಲ್ಲ. ಆಕೆ ಒಮ್ಮೆಯೂ ಸೇರಿಸಲಿಲ್ಲ.

ಆ ಮರದ ಮೊದಲ ಚಿಗುರು ಪ್ರತಿ ವರ್ಷ ಮನೆಯ ಕಡೆಗೇ ಬರುತ್ತಿತ್ತು. ಹಾಗಾಗಿ ತೊಂದರೆ ಇರಲಿಲ್ಲ. ಹೋದ ವರ್ಷ ಮಾತ್ರ ಅದು ರಸ್ತೆಯ ಕಡೆ, ತಂತಿಗೆ ಒಂದು ಮೊಳ ಕೆಳಗಿನ ಕೊಂಬೆಯಲ್ಲಿ ಬಂತು. ತಂತಿಯಿಂದ ಒಂದು ಗಜದೊಳಗೆ ಏನೂ ಇರಕೂಡದು ಎಂಬುದು ಆಫೀಸಿನ ಕಟ್ಟಳೆ. ಬಜಾರಪ್ಪ ಏಣಿಯ ಮೇಲೆ ಎಷ್ಟೋ ಹೊತ್ತು ನಿಂತ. ಕುಡುಗೋಲು ಎತ್ತಿದ, ಇಳಿಸಿದ. ಕೊನೆಗೆ ಕೊಂಬೆಯನ್ನು ಹಗ್ಗದಿಂದ ಕೆಳಗೆ ಎಳೆದು ಪಕ್ಕದ ಕವಲಿಗೆ ಬಿಗಿದು ಕಟ್ಟಿ, ಇನ್ನೇನಾಗುವುದಿಲ್ಲ ಎಂದುಕೊಂಡು ಇಳಿದುಬಿಟ್ಟ. ಕೆಳಗಿದ್ದ ಲೈನ್‌ಮನ್ ಚಂದ್ರ, "ಕ್ಲಿಯರ್ ಆತೇನು ಮಾವ?" ಎಂದಾಗ, "ಆತು," ಎಂದ. ಚಂದ್ರ ಮೊಬೈಲಿನಿಂದ ತಲೆಯೆತ್ತದೆ ಪುಸ್ತಕದಲ್ಲಿ ಹಾಗೇ ಬರೆದುಕೊಂಡ.

ವೈಶಾಖದ ಒಂದು ಸಂಜೆ ಗಾಳಿ ಎದ್ದಿತು. ಹಗ್ಗ ಹರಿಯಿತು. ಕೊಂಬೆ ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿತು, ಕಿಡಿ ಹಾರಿ ಮರದ ಅರ್ಧ ಮೈ ಸುಟ್ಟಿತು, ತುಂಡಾದ ತಂತಿ ಗೂಟದ ಮೇಲೆ ಬಿತ್ತು. ಸುಭದ್ರಮ್ಮ ಹಾಲು ಕರೆದು ಚರಿಗೆ ಎತ್ತಿಕೊಂಡು ಒಳಗೆ ಕಾಲಿಟ್ಟಿದ್ದಳು, ಅಷ್ಟೇ. ತಿರುಗಿ ನೋಡುವಷ್ಟರಲ್ಲಿ ಎಮ್ಮೆ ನೆಲಕ್ಕೆ ಬಿದ್ದಿತ್ತು. ಕೈಯಲ್ಲಿದ್ದ ಹಾಲು ಇನ್ನೂ ಬೆಚ್ಚಗಿತ್ತು.

ಆಫೀಸಿನವರು ಬಂದು ಗಾಳಿಯಿಂದ ಆದದ್ದು ಎಂದು ಬರೆದುಕೊಂಡು ಹೋದರು. ಓಣಿಯವರೂ ಗಾಳಿ ಎಂದರು. ಹಾಲಸ್ವಾಮಿ ಏನೂ ಅನ್ನಲಿಲ್ಲ. ಸುಭದ್ರಮ್ಮ ಒಬ್ಬಳೇ ಒಪ್ಪಲಿಲ್ಲ. "ಗಾಳಿ ಅಲ್ಲ, ಆ ಕಟುಕ. ನನ್ನ ಮ್ಯಾಲಿನ ಸಿಟ್ಟಿಗೆ ಬೇಕಂತ ಬಿಟ್ಟು ಹೋದ," ಎಂದು ಹತ್ತು ತಿಂಗಳು ಕೇಳಿದವರಿಗೆಲ್ಲ, ಕೇಳದವರಿಗೂ ಹೇಳಿದಳು. ಜನ, ಎಮ್ಮೆ ಹೋದ ಸಂಕಟ, ಪಾಪ, ಎಂದು ತಲೆಯಾಡಿಸಿದರು.

ಬಜಾರಪ್ಪನಿಗೆ ಹತ್ತಿದ ಉರಿ ಇದು. ಇಡೀ ಊರಿನಲ್ಲಿ ಸರಿಯಾಗಿ ಹೇಳುತ್ತಿದ್ದವಳು ಆಕೆ ಒಬ್ಬಳೇ. ಅವನು ಬೇಕೆಂದೇ ಬಿಟ್ಟದ್ದು ನಿಜ. ಸಿಟ್ಟಿಗೆ ಬಿಟ್ಟದ್ದಲ್ಲ ಎಂಬ ಒಂದು ಕೂದಲೆಳೆ ಮಾತ್ರ ಸುಳ್ಳು. ಆ ಎಳೆಯನ್ನು ಹಿಡಿದು ಬಾಯಿ ತೆಗೆಯಬೇಕೆಂದರೆ ಎಮ್ಮೆಯ ಸಾವನ್ನೂ ಒಪ್ಪಿಕೊಳ್ಳಬೇಕು. ಆ ಓಣಿಯನ್ನು ಬಿಟ್ಟು ಸುತ್ತುಬಳಸಿ ಓಡಾಡತೊಡಗಿದ. ಅಪ್ಪನ ಮೇಲೆ ಸಿಟ್ಟು ಬಂತು. ತಾಯಿಯ ಮೇಲೂ ಬಂತು. ಕುಳಿತುಕೊಳ್ಳಲು ಈ ಊರಿನಲ್ಲಿ ಆಕೆಗೆ ಬೇರೆ ಜಾಗವೇ ಸಿಗಲಿಲ್ಲವೇ ಎಂದು ಒಬ್ಬನೇ ಗೊಣಗುತ್ತಿದ್ದ.

ಈ ವರ್ಷ ಕಡಿಯುವ ಹಿಂದಿನ ದಿನ ಅವನು ನೀರಿನ ಬಾಟಲಿ ಒಯ್ಯಲಿಲ್ಲ. ಯಾವ ಮರದಲ್ಲೂ ಚಿಗುರು ಹುಡುಕಬಾರದು, ಕಣ್ಣು ಮುಚ್ಚಿ ಎಲ್ಲ ಸವರಬೇಕು ಎಂದು ನಿರ್ಧರಿಸಿಕೊಂಡಿದ್ದ. ಸುಭದ್ರಮ್ಮನ ಮನೆಯ ಮುಂದೆ ಬಂದಾಗ ಮಾತ್ರ ಕಣ್ಣು ತಾನಾಗಿ ಮೇಲೆ ಹೋಯಿತು. ಮನೆಯ ಕಡೆಯ ಕೊಂಬೆಗಳೆಲ್ಲ ಇನ್ನೂ ಬೋಳು. ಮಿಲ್ಲಿನಿಂದ ಹಾರಿ ಬಂದ ಹತ್ತಿ ಅಲ್ಲಲ್ಲಿ ಸಿಕ್ಕಿಕೊಂಡಿತ್ತು. ರಸ್ತೆಯ ಕಡೆ, ಸುಟ್ಟು ಕರಿಕಾದ ತೊಗಟೆಯನ್ನು ಒಡೆದುಕೊಂಡು, ಮಳೆಗಾಲದಲ್ಲಿ ಒಂದು ಹೊಸ ಕೊಂಬೆ ಹೊರಟು ನೆಟ್ಟಗೆ ತಂತಿಯ ಕಡೆಗೆ ಬೆಳೆದಿತ್ತು. ಅದರ ತುದಿಯಲ್ಲಿ ಕೆಂಪು ಚಿಗುರು. ಇಡೀ ಮರದಲ್ಲಿ ಅದೊಂದೇ.

ಸತ್ತಿದೆ ಎಂದುಕೊಂಡ ಕಡೆಯಿಂದಲೇ ತಾಯಿ ಬಂದಿದ್ದಳು. ಬಜಾರಪ್ಪನ ಮೈ ಜುಮ್ಮೆಂದಿತು. ಅದರ ಹಿಂದೆಯೇ ಕೋಪವೂ ಬಂತು. ಬಿಟ್ಟರೆ ಮತ್ತೆ ಅದೇ ತಂತಿ, ಅದೇ ಗೂಟದ ಜಾಗ, ಈ ಸಲ ಎಮ್ಮೆ ಇಲ್ಲ, ಮನುಷ್ಯರು. ಕಡಿದರೆ ಅಪ್ಪನಿಂದ ಬಂದ, ತಾನು ಜೀವಮಾನದಲ್ಲಿ ಸರಿಯಾಗಿ ಉಳಿಸಿಕೊಂಡಿದ್ದ ಒಂದೇ ಒಂದು ಸಂಗತಿ ಮುಗಿಯುತ್ತದೆ.

ಮಾರನೆಯ ದಿನ ಹತ್ತು ಗಂಟೆಗೆ ಏಣಿ ಒರಗಿಸಿದ. ಚಂದ್ರ ಕರೆಂಟು ತೆಗೆಸಿ ಬಂದು, "ಇಪ್ಪತ್ತೇ ನಿಮಿಷ ಮಾವ, ತ್ವರಗಾ ಕಾನೀ," ಎಂದು ಅವಸರಿಸಿ ಗೋಡೆಯ ನೆರಳಿಗೆ ನಿಂತ. ಬಜಾರಪ್ಪ ಅರ್ಧ ಏಣಿ ಹತ್ತುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

"ಬಂದೇನು?" ಎಂದಳು ಸುಭದ್ರಮ್ಮ. "ಈ ಸಲ ಯಾರನ್ನ ತಿನ್ನಾಕ ಬಂದೀ? ಎಮ್ಮಿ ಆತು. ನಾನು ಉಳ್ದೀನಿ. ಯಜಮಾನ್ರು ಉಳ್ದಾರ. ಯಾವ ಕೊಂಬಿ ಬಿಟ್ಟು ಹೋಗ್ತೀ ಹೇಳಿ ಹೋಗು, ಅದರ ಕೆಳಗ ಹೋಗಿ ಕುಂದರ್ತೀನಿ."

ಬಜಾರಪ್ಪ ಮೇಲೆ ಹತ್ತಿದ. ಕೆಳಗಿನ ಕೊಂಬೆಗಳನ್ನು ಒಂದೊಂದಾಗಿ ಸವರಿದ. ಚಿಗುರಿದ ಕೊಂಬೆಯ ಹತ್ತಿರ ಬಂದ. ಮಚ್ಚು ಎತ್ತಿದ. ಕೈ ಅಲ್ಲೇ ನಿಂತಿತು.

"ನೋಡ್ರಿ, ಮತ್ತ ನಿಂತ," ಎಂದು ಸುಭದ್ರಮ್ಮ ಓಣಿಗೆ ಕೇಳುವಂತೆ ಕೂಗಿದಳು. "ಹೋದ ವರ್ಷನೂ ಹಿಂಗ ನಿಂತಿದ್ದ. ಬೈದು ಒಳಗ ಹೋಗಿ ಕಿಟಕ್ಯಾಗಿಂದ ನೋಡೀನಿ ನಾನು. ನಿಂತು, ನನ್ನ ಎಮ್ಮಿ ನೋಡಿ, ಬೇಕಂತ ಬಿಟ್ಟು ಇಳದ. ನನ್ನ ಹೊಟ್ಟಿ ಉರಿಸಾಕ. ಇಲ್ಲಂತ ಹೇಳು ನೋಡೋಣ."

"ಹೌದ್ರಿ, ಬೇಕಂತ ಬಿಟ್ಟೆ," ಎಂದ ಬಜಾರಪ್ಪ.

ತನ್ನ ಬಾಯಿಂದ ಅದು ಹೊರಬಿದ್ದದ್ದು ಅವನಿಗೇ ನಂಬಿಕೆಯಾಗಲಿಲ್ಲ. ಗೋಡೆಯ ಹತ್ತಿರ ಚಂದ್ರನ ತಲೆ ಮೊಬೈಲಿನಿಂದ ಮೇಲೆದ್ದಿತು. ಓಣಿಯ ಎರಡು ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು. ಇನ್ನು ನಿಲ್ಲಿಸಿದರೆ ಉಪಯೋಗವಿಲ್ಲ.

"ನಿಮ್ಮ ಮ್ಯಾಲಿನ ಸಿಟ್ಟಿಗಲ್ಲ. ನಿಮ್ಮ ಮ್ಯಾಲ ಸಿಟ್ಟು ಐತಿ, ಅದು ಬ್ಯಾರೆ. ಮೊದಲ ಚಿಗುರಿದ ಕೊಂಬ್ಯಾಗ ತಾಯಿ ಕುಂತಿರ್ತಾಳ, ಕಡೀಬಾರ್ದು ಅಂತ ನಮ್ಮಪ್ಪ ಹೇಳಿದ್ದ. ಎಲ್ಲಾ ಗಿಡದಾಗೂ ಬಿಡ್ತೀನಿ. ನಿಮ್ಮ ಗಿಡದಾಗ ಅದು ತಂತಿ ಹತ್ರ ಬಂತು. ಹಗ್ಗ ಕಟ್ಟಿ ಬಿಟ್ಟೆ. ಹಗ್ಗ ಹರೀತು. ಎಮ್ಮಿ ಗಾಳಿಗೆ ಸಾಯಲಿಲ್ರಿ, ನನ್ನಿಂದ ಸತ್ತೈತಿ. ಈ ವರ್ಷನೂ ಅಲ್ಲೇ ಕುಂತಾಳ ನೋಡ್ರಿ, ಸುಟ್ಟ ಜಾಗದಾಗ. ಏನ್ ಮಾಡ್ಲಿ ಹೇಳ್ರಿ."

ಸುಭದ್ರಮ್ಮ ತಲೆಯೆತ್ತಿ ನೋಡಿದಳು. ಕರಿಕಾದ ಕಾಂಡ, ಅದರ ಮೇಲಿನ ಕೆಂಪು, ಆ ಕೆಂಪಿನ ಆಚೆ ತಂತಿ. ಆಮೇಲೆ ಸರಕ್ಕನೆ ತಿರುಗಿ ಒಳಗೆ ಹೋದಳು.

ಆಫೀಸಿಗೆ ಫೋನು ಮಾಡಲು ಹೋದಳು ಎಂದುಕೊಂಡ ಬಜಾರಪ್ಪ. ಮಾಡಲಿ. ಚಂದ್ರನೂ ಹಾಗೇ ಅಂದುಕೊಂಡಿರಬೇಕು, "ಎಂದುಕು ಮಾವ, ಯಾಕ ಬಾಯಿ ಬಿಟ್ಟಿ," ಎಂದು ಅರ್ಧ ತೆಲುಗಿನಲ್ಲಿ ಗೊಣಗಿದ. "ಹನ್ನೆರಡು ನಿಮಿಷ ಐತಿ. ನಾನೇನೂ ಕೇಳಿಲ್ಲ. ಕಡಿ, ಇಳಿ."

ಸುಭದ್ರಮ್ಮ ಹೊರಗೆ ಬಂದಾಗ ಕೈಯಲ್ಲಿ ಮೊರ ಇತ್ತು. ಮೊರದಲ್ಲಿ ಅಕ್ಕಿ, ಒಂದು ಬಟ್ಟಲು ಒಣಕೊಬ್ಬರಿ, ಅರಿಶಿನದ ಕೊಂಬು, ಅರಿಶಿನ ಕುಂಕುಮದ ಬಟ್ಟಲು, ಎಲೆ ಅಡಿಕೆ, ಹಸಿರು ಬಳೆ, ಮಡಿಸಿದ ಕುಪ್ಪಸದ ಕಣ. ತವರಿಗೆ ಬಂದ ಹೆಣ್ಣುಮಗಳನ್ನು ಕಳಿಸುವಾಗ ಉಡಿ ತುಂಬುವ ಸಾಮಾನು. ಮುಖದ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ.

"ತಾಯಿ ಕುಂತಾಳ ಅಂತೀ," ಎಂದಳು. "ಕುಂತಾಕಿನ್ನ ಎಬ್ಬಿಸಬಾರ್ದು ಅಷ್ಟೇ ಗೊತ್ತು ನಿನಗ. ಹೊಂಟಾಕಿನ್ನ ಹೆಂಗ ಕಳಸ್ಬೇಕು ಅನ್ನೋದು ನಿಮ್ಮಪ್ಪ ಹೇಳಲಿಲ್ಲೇನು? ಹೆಣ್ಣುಮಗಳ್ನ ಬರೇ ಉಡೀಲೇ ಯಾರಾರ ಕಳಸ್ತಾರೇನು? ಕೇಳಬೇಕಿತ್ತಲ್ಲ ಯಾರನ್ನಾರ. ನನ್ನನ್ನ ಕೇಳಬೇಕಿತ್ತಲ್ಲ. ಹನ್ನೆರಡು ವರ್ಷದಿಂದ ಇಲ್ಲೇ ನಿಂತು ಬೈತಿದ್ನಲ್ಲೋ."

ಅಪ್ಪ ಹೇಳಿರಲಿಲ್ಲ. ಆಡಿಗೆ ಸೊಪ್ಪು ಕಡಿಯುವವನಿಗೆ ಒಂದು ಕೊಂಬೆ ಬಿಡುವುದು ಸುಲಭ, ಇನ್ನೊಂದು ಇರುತ್ತದೆ. ಬಿಡಲಾಗದ ಕೊಂಬೆ ಅವನಿಗೆ ಎದುರಾಗಿರಲಿಲ್ಲ. ಕಳಿಸಿಕೊಡುವುದು ಎಂಬುದೊಂದು ಇದೆ ಎಂದು ಬಜಾರಪ್ಪನಿಗೂ ಹೊಳೆದಿರಲಿಲ್ಲ. ಯಾರ ಜೊತೆಯಾದರೂ ನಾಲ್ಕು ಮಾತಾಡುವ ಗಂಡಸಾಗಿದ್ದರೆ ಯಾವ ಮುದುಕಿಯಾದರೂ ಹೇಳುತ್ತಿದ್ದಳು. ಎಮ್ಮೆ ಬದುಕಿರುತ್ತಿತ್ತು.

ಸುಭದ್ರಮ್ಮ ಸುಟ್ಟ ಕಾಂಡಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಅಕ್ಕಿ, ಕೊಬ್ಬರಿ, ಬಳೆಗಳನ್ನು ಕಣದಲ್ಲಿ ಗಂಟುಕಟ್ಟಿ ಕಾಂಡಕ್ಕೆ ಬಿಗಿದಳು. ಕಟ್ಟುವಾಗಲೂ ಬಾಯಿ ಬೈಯುತ್ತಲೇ ಇತ್ತು. ಆಮೇಲೆ ಕೊಂಬೆಯ ನೇರಕ್ಕೆ ಬಂದು ನಿಂತು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು.

"ಕಡಿ. ನೆಲಕ್ಕ ಬಿದ್ದೀತು, ಹುಷಾರು."

ಬಜಾರಪ್ಪ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿ ಸಣ್ಣ ಕುಡುಗೋಲು ತೆಗೆದುಕೊಂಡ. ಒಂದು ಕೈಯಲ್ಲಿ ಕೊಂಬೆ ಹಿಡಿದು ಬುಡವನ್ನು ಮೆಲ್ಲಗೆ ಕೊಯ್ದ. ಬಿಳಿ ಹಾಲಿನಂಥ ಹಸಿ ತಿರುಳು ಕಂಡಿತು, ಬೇವಿನ ಕಹಿ ವಾಸನೆ ಮೂಗಿಗೆ ಬಂತು. ಗುಂಟೂರಿನ ಬದು ನೆನಪಾಯಿತು. ಎರಡು ಮೆಟ್ಟಿಲು ಇಳಿದು, ಬಗ್ಗಿ, ಆಕೆಯ ಉಡಿಗೆ ಕೊಂಬೆಯನ್ನು ಬಿಟ್ಟ. ಒಂದು ಚಿಗುರೂ ಉದುರಲಿಲ್ಲ. ಸುಭದ್ರಮ್ಮ ಸೆರಗನ್ನು ಮುಚ್ಚಿಕೊಂಡು ಎದೆಗೆ ಒತ್ತಿ ಹಿಡಿದಳು.

ಆಗ ಅವನಿಗೆ ಗೊತ್ತಾದದ್ದು, ತಾನು ಏಣಿಯ ಮೇಲೆ ನಿಂತು ಕುಡುಗೋಲು ಹಿಡಿದ ಕೈಗಳನ್ನೇ ಜೋಡಿಸಿದ್ದೇನೆ ಎಂದು. ಚಂದ್ರ ನೋಡುತ್ತಿದ್ದ. ಬಾಗಿಲುಗಳಲ್ಲಿ ಹೆಂಗಸರು ನೋಡುತ್ತಿದ್ದರು. ನಲವತ್ತು ವರ್ಷ ಯಾರಿಗೂ ಕಾಣದಂತೆ ಮಾಡಿದ್ದ ಕೆಲಸವನ್ನು ಹಾಡಹಗಲಲ್ಲಿ ಇಡೀ ಓಣಿ ನೋಡಿತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಕೈ ಮುಗ್ಯಾಕ ಬರತೈತೇನು ನಿನಗ?" ಎಂದಳು ಸುಭದ್ರಮ್ಮ.

ಅವನು ಇಳಿದು ಬಂದ. ಏಣಿ ಎತ್ತಲು ಹೋದವನನ್ನು ಆಕೆ ತಡೆದಳು. ಮರದ ಕೆಳಗಿನ ಗೂಟ ಹಾಗೇ ಇತ್ತು. ಎಮ್ಮೆ ಕಟ್ಟುತ್ತಿದ್ದ ಕಣ್ಣಿಯ ತುಂಡು ಅದಕ್ಕೆ ಸುತ್ತಿಕೊಂಡೇ ಇತ್ತು, ಹತ್ತು ತಿಂಗಳಿಂದ ಯಾರೂ ಬಿಚ್ಚಿರಲಿಲ್ಲ. ಆಕೆ ಗದ್ದದಿಂದ ಆ ಕಡೆ ತೋರಿಸಿದಳು.

"ಹಂಗಾರ ನನ್ನ ಎಮ್ಮಿಗೂ ಒಂದು ಮುಗಿ," ಎಂದಳು. "ಮುಗಿದು, ಆಮ್ಯಾಲ ನನ್ನ ಕಣ್ಣ ಮುಂದಿಂದ ಹೋಗು."

ಚಂದ್ರ ಇನ್ನು ಮೂರು ನಿಮಿಷ ಎಂದು ಕೂಗಿದ. ಬಜಾರಪ್ಪ ಕುಡುಗೋಲನ್ನು ನೆಲಕ್ಕಿಟ್ಟು, ಗೂಟದ ಮುಂದೆ ಹೋಗಿ ನಿಂತು, ಈ ಸಲ ಬರಿಗೈಯನ್ನು ಜೋಡಿಸಿದ.